ಚಳಿಗಾಲದ ಹೊಲದಲ್ಲಿ ಹಳೆಯ ಲೋಹ



ಕಳೆದುಹೋದ ಒಂದು ಸುತ್ತಿಗೆಯಿಂದ ಇವತ್ತಿನ ಮಾತನ್ನು ಆರಂಭಿಸುತ್ತೇನೆ. ಇಂಗ್ಲೆಂಡಿನ ಪೂರ್ವಭಾಗದಲ್ಲಿ ಸಫೋಕ್ ಎಂಬ ಜಿಲ್ಲೆಯಿದೆ. ಅಲ್ಲಿ ಹಾಕ್ಸನ್ ಎಂಬ ಹಳ್ಳಿ. 1992ರಲ್ಲಿ ಆ ಊರಿನ ಒಬ್ಬ ರೈತನ ಸುತ್ತಿಗೆ ಹೊಲದಲ್ಲಿ ಎಲ್ಲೋ ಬಿದ್ದುಹೋಯಿತು. ರೈತನಿಗೆ ಒಬ್ಬ ಗೆಳೆಯನಿದ್ದ. ಆ ಗೆಳೆಯ ಕೆಲಸದಿಂದ ನಿವೃತ್ತನಾದಾಗ ಅವನಿಗೆ ಉಡುಗೊರೆಯಾಗಿ ಒಂದು ಲೋಹಶೋಧಕ ಯಂತ್ರ, ಅಂದರೆ ಮೆಟಲ್ ಡಿಟೆಕ್ಟರ್, ಬಂದಿತ್ತು. ‘ಹೇಗೂ ನಿನ್ನ ಬಳಿ ಯಂತ್ರವಿದೆ, ನನ್ನ ಸುತ್ತಿಗೆ ಹುಡುಕಿಕೊಡು’ ಎಂದು ರೈತ ಕೇಳಿಕೊಂಡ. ನವೆಂಬರ್ 16ರಂದು ಗೆಳೆಯ ಹೊಲಕ್ಕೆ ಹೋದ. ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ಜೋರಾದ ಸದ್ದು ಕೇಳಿಸಿತು. ಅಗೆದರೆ ಸುತ್ತಿಗೆಯಲ್ಲ, ಬೆಳ್ಳಿಯ ಚಮಚಗಳು, ನಾಣ್ಯಗಳು, ಚಿನ್ನದ ಸರ.

ಇಲ್ಲಿ ಸ್ವಲ್ಪ ನಿಲ್ಲೋಣ. ನೀವೋ ನಾನೋ ಆ ಜಾಗದಲ್ಲಿ ಇದ್ದಿದ್ದರೆ ಏನು ಮಾಡುತ್ತಿದ್ದೆವು? ಕತ್ತಲಾಗುವ ಮೊದಲು ಕೈಗೆ ಸಿಕ್ಕಿದ್ದನ್ನೆಲ್ಲ ಬಾಚಿ ಚೀಲಕ್ಕೆ ತುಂಬುತ್ತಿದ್ದೆವು. ಅವರೂ ಮೊದಲು ಒಂದಿಷ್ಟು ತೆಗೆದದ್ದು ನಿಜ. ಆದರೆ ಇದು ತಮ್ಮ ಕೈಮೀರಿದ ಸಂಗತಿ ಎಂದು ತಿಳಿದ ಕೂಡಲೇ ಅಗೆಯುವುದನ್ನು ನಿಲ್ಲಿಸಿದರು. ಪೊಲೀಸರಿಗೂ, ಆ ಜಮೀನಿನ ಒಡೆತನವಿದ್ದ ಜಿಲ್ಲಾ ಆಡಳಿತಕ್ಕೂ ಸುದ್ದಿ ಮುಟ್ಟಿಸಿದರು. ಮರುದಿನ ಪುರಾತತ್ವ ಇಲಾಖೆಯವರು ಬಂದು, ಕಳ್ಳರ ಕಿವಿಗೆ ಸುದ್ದಿ ಬೀಳುವ ಮೊದಲೇ, ಒಂದೇ ದಿನದಲ್ಲಿ ಆ ಕುಳಿಯನ್ನು ಕ್ರಮಬದ್ಧವಾಗಿ ಅಗೆದರು. ಕೆಲವು ಭಾಗಗಳನ್ನು ಮಣ್ಣಿನ ಸಮೇತ ಹಾಗೆಯೇ ಎತ್ತಿಕೊಂಡು ಹೋಗಿ ಪ್ರಯೋಗಾಲಯದಲ್ಲಿ ಬಿಡಿಸಿದರು.

ಒಳಗೆ ಇದ್ದದ್ದು 14,865 ರೋಮನ್ ನಾಣ್ಯಗಳು. ಅವುಗಳಲ್ಲಿ 569 ಚಿನ್ನದವು, ಬಹುಪಾಲು ಬೆಳ್ಳಿಯವು, ಕಂಚಿನವು 24 ಮಾತ್ರ. ಇದಲ್ಲದೆ ಚಿನ್ನದ ಆಭರಣಗಳು ಮತ್ತು ಬೆಳ್ಳಿಯ ಸಾಮಾನುಗಳು ಸೇರಿ ಸುಮಾರು ಇನ್ನೂರು ವಸ್ತುಗಳಿದ್ದವು. ಇವೆಲ್ಲ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ನಾಣ್ಯಗಳಲ್ಲಿ ಕೊನೆಯವು ಕ್ರಿ.ಶ. 407–408ರ ಹೊತ್ತಿನವು. ಅಂದರೆ ರೋಮನ್ನರ ಆಳ್ವಿಕೆ ಬ್ರಿಟನ್ನಿನಲ್ಲಿ ಕುಸಿದು ಬೀಳುತ್ತಿದ್ದ ಕಾಲದಲ್ಲೋ, ಅದಾದ ಸ್ವಲ್ಪ ಸಮಯಕ್ಕೋ ಯಾವುದೋ ಸಿರಿವಂತ ಮನೆತನದವರು ತಮ್ಮ ಸಂಪತ್ತನ್ನು ಹೂತಿಟ್ಟರು. ಮತ್ತೆ ಬಂದು ತೆಗೆದುಕೊಳ್ಳಲು ಅವರಿಗೆ ಆಗಲಿಲ್ಲ.

ನನಗೆ ಈ ಚಿನ್ನಕ್ಕಿಂತ ಹೆಚ್ಚು ಬೆರಗು ಹುಟ್ಟಿಸಿದ್ದು ಬೇರೆ ಸಂಗತಿ. ಹೂತಿಟ್ಟ ಪೆಟ್ಟಿಗೆಯ ಮರ ಬಹುಮಟ್ಟಿಗೆ ಮಣ್ಣಾಗಿಹೋಗಿತ್ತು. ಆದರೂ ಅದು ಓಕ್ ಮರದ್ದು, ಸುಮಾರು 60 ಸೆಂಟಿಮೀಟರ್ ಉದ್ದ, 45 ಅಗಲ, 30 ಎತ್ತರ ಇತ್ತು ಎಂದು ಹೇಳಲು ಸಾಧ್ಯವಾಯಿತು. ಹೇಗೆ? ಕೀಲುಗಳು, ಬೀಗಗಳು, ನಾಣ್ಯಗಳ ರಾಶಿಯ ಅಂಚು, ಇವು ಯಾವ ಜಾಗದಲ್ಲಿದ್ದವೋ ಆ ಜಾಗವನ್ನು ಅಳೆದು ಬರೆದುಕೊಂಡಿದ್ದರಿಂದ. ದೊಡ್ಡ ಪೆಟ್ಟಿಗೆಯೊಳಗೆ ಸಣ್ಣ ಪೆಟ್ಟಿಗೆಗಳಿದ್ದವು. ಸೌಟುಗಳನ್ನು ಒಂದರೊಳಗೊಂದು ಸೇರಿಸಿ ಜೋಡಿಸಿದ್ದರು. ಸಾಮಾನುಗಳು ತಾಗಿ ಸವೆಯದಂತೆ ನಡುವೆ ಹುಲ್ಲು ತುರುಕಿದ್ದರು. ಗಾಬರಿಯಲ್ಲಿ ಓಡುವವರು ಹೀಗೆ ಜೋಡಿಸುವುದಿಲ್ಲ. ನಮ್ಮ ಅಜ್ಜಿಯಂದಿರು ಹಬ್ಬ ಮುಗಿದ ಮೇಲೆ ಬೆಳ್ಳಿ ತಟ್ಟೆಗಳನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಟ್ರಂಕಿಗೆ ಇಡುತ್ತಿದ್ದರಲ್ಲ, ಹಾಗೆ ಸಾವಧಾನವಾಗಿ ಇಟ್ಟ ಕೈ ಅದು. ಈ ಒಂದು ಮಾತು ನಮಗೆ ಗೊತ್ತಾದದ್ದು ನಾಣ್ಯಗಳನ್ನು ಎಣಿಸಿದ್ದರಿಂದ ಅಲ್ಲ, ಅವು ಇದ್ದ ಜಾಗವನ್ನು ಕೆಡಿಸದೆ ಇದ್ದದ್ದರಿಂದ.

ಆ ರಾಶಿಯಲ್ಲಿ ನಮ್ಮ ಕಡೆಗೆ ಬೆರಳು ತೋರಿಸುವ ಸಾಮಾನುಗಳೂ ಇದ್ದವು. ನಾಲ್ಕು ಬೆಳ್ಳಿಯ ಮೆಣಸಿನ ಡಬ್ಬಿಗಳು. ಒಂದು, ಜಡೆ ಸುತ್ತಿ ಕಟ್ಟಿದ ಹೆಂಗಸಿನ ಆಕಾರದ್ದು. ಅವಳನ್ನು ‘ಸಾಮ್ರಾಜ್ಞಿ’ ಎಂದು ಕರೆಯುತ್ತಾರೆ, ಆದರೆ ಆಕೆ ಯಾವುದೋ ದೊಡ್ಡ ಮನೆಯ ಗೃಹಿಣಿಯೇ ಇರಬಹುದು. ಡಬ್ಬಿಯ ತಳದಲ್ಲಿ ತಿರುಗುವ ಒಂದು ಬಿಲ್ಲೆಯಿದೆ. ಒಂದು ಕಡೆಗೆ ತಿರುಗಿಸಿದರೆ ಮುಚ್ಚಿಕೊಳ್ಳುತ್ತದೆ, ಇನ್ನೊಂದು ಕಡೆಗೆ ತಿರುಗಿಸಿದರೆ ಮೆಣಸು ತುಂಬಬಹುದು, ಮತ್ತೊಂದು ಕಡೆಗೆ ಸಣ್ಣ ತೂತುಗಳ ಮೂಲಕ ಪುಡಿ ಉದುರುತ್ತದೆ. ಕರಿಮೆಣಸು ಯೂರೋಪಿನಲ್ಲಿ ಬೆಳೆಯುವುದಿಲ್ಲ. ಅದು ನಮ್ಮ ಪಶ್ಚಿಮಘಟ್ಟಗಳ ಬಳ್ಳಿ. ಮಲಬಾರಿನ ಬಂದರುಗಳಿಂದ ಹಡಗೇರಿ, ಕೆಂಪು ಸಮುದ್ರ ದಾಟಿ, ಅಲೆಕ್ಸಾಂಡ್ರಿಯಾ ಮುಟ್ಟಿ, ಕೊನೆಗೆ ಸಫೋಕಿನ ಊಟದ ಮೇಜಿನವರೆಗೆ ಹೋಗುತ್ತಿತ್ತು. ಅದಕ್ಕೆ ಬೆಲೆಯಾಗಿ ರೋಮನ್ನರ ಬೆಳ್ಳಿ ಬಂಗಾರ ದಕ್ಷಿಣ ಭಾರತಕ್ಕೆ ಬಂತು. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ನೆಲ ಅಗೆಯುವಾಗ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿದವು. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲೂ ಸಿಕ್ಕಿವೆ. ಅಲ್ಲಿನ ಡಬ್ಬಿ, ಇಲ್ಲಿನ ನಾಣ್ಯ, ಇವುಗಳ ನಡುವೆ ಮುನ್ನೂರು ವರ್ಷಕ್ಕೂ ಹೆಚ್ಚಿನ ಅಂತರವಿದೆ, ಆದರೆ ದಾರಿ ಒಂದೇ.

ಈಗ ಯಂತ್ರದ ಮಾತು. ಮೆಟಲ್ ಡಿಟೆಕ್ಟರ್ ಎಂದರೆ ನಿಮಗೆ ವಿಮಾನ ನಿಲ್ದಾಣದ ಬಾಗಿಲು, ಸರಕಾರಿ ಕಚೇರಿಯ ಮುಂದೆ ಪೊಲೀಸರು ಹಿಡಿದಿರುವ ಕೋಲು ನೆನಪಾಗುತ್ತದೆ. ಹೊಲದಲ್ಲಿ ಬಳಸುವುದೂ ಅದರ ಸೋದರನೇ. ಉದ್ದನೆಯ ಹಿಡಿಕೆಯ ತುದಿಗೆ ಊಟದ ತಟ್ಟೆಯಷ್ಟು ಅಗಲದ ಚಪ್ಪಟೆ ಬಿಲ್ಲೆ, ಅದರೊಳಗೆ ತಾಮ್ರದ ತಂತಿಯ ಸುರುಳಿಗಳು. ಒಂದು ಸುರುಳಿಯಲ್ಲಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ವಿದ್ಯುತ್ತನ್ನು ಹರಿಸುತ್ತಾರೆ. ಆಗ ನೆಲದೊಳಕ್ಕೆ ಬದಲಾಗುತ್ತಿರುವ ಕಾಂತಕ್ಷೇತ್ರ ಇಳಿಯುತ್ತದೆ. ಬದಲಾಗುವ ಕಾಂತಕ್ಷೇತ್ರದಲ್ಲಿ ವಾಹಕವಿದ್ದರೆ ಅದರಲ್ಲಿ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡುಹಿಡಿದ, ನೀವು ಪಠ್ಯಪುಸ್ತಕದಲ್ಲಿ ಓದುವ ಅದೇ ನಿಯಮ. ಮಣ್ಣಿನಲ್ಲಿರುವ ನಾಣ್ಯದೊಳಗೆ ಸಣ್ಣ ಸುಳಿಗಳಂತೆ ವಿದ್ಯುತ್ ಸುತ್ತುತ್ತದೆ, ಅದು ತನ್ನದೇ ಪುಟ್ಟ ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ, ಎರಡನೆಯ ಸುರುಳಿ ಅದನ್ನು ಹಿಡಿಯುತ್ತದೆ. ನಾಣ್ಯ ಉತ್ತರ ಕೊಡುವುದು ಒಂದು ಕ್ಷಣದ ಅತಿ ಸಣ್ಣ ಭಾಗದಷ್ಟು ತಡವಾಗಿ. ಬೆಳ್ಳಿ, ತಾಮ್ರಗಳ ತಡವೇ ಬೇರೆ, ಕಬ್ಬಿಣದ ನಡತೆಯೇ ಬೇರೆ. ಆ ವ್ಯತ್ಯಾಸವನ್ನು ಅಳೆದು ಯಂತ್ರ ಕಬ್ಬಿಣಕ್ಕೆ ದಪ್ಪ ದನಿ, ಬೆಳ್ಳಿಗೆ ತೆಳು ದನಿ ಹೊರಡಿಸುತ್ತದೆ. ಸಾಮಾನ್ಯವಾಗಿ ಒಂದು ನಾಣ್ಯದಷ್ಟು ಸಣ್ಣ ವಸ್ತು ಒಂದು ಗೇಣಿನ ಆಸುಪಾಸಿಗಿಂತ ಆಳದಲ್ಲಿದ್ದರೆ ಇದಕ್ಕೆ ಕೇಳಿಸುವುದಿಲ್ಲ. ಹತ್ತು ಆಳು ಆಳದ ಕೊಪ್ಪರಿಗೆ ತೋರಿಸುವ ಯಂತ್ರ ಎಂದು ಯಾರಾದರೂ ನಿಮಗೆ ಮಾರಲು ಬಂದರೆ ಫ್ಯಾರಡೆಯನ್ನು ನೆನೆದುಕೊಂಡು ಬಾಗಿಲು ಹಾಕಿಕೊಳ್ಳಿ.

ಈ ಯಂತ್ರ ಹುಟ್ಟಿದ್ದು ನಿಧಿ ಹುಡುಕಲು ಅಲ್ಲ. 1881ರ ಜುಲೈನಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡರಿಗೆ ಗುಂಡೇಟು ಬಿತ್ತು. ಮೈಯೊಳಗೆ ಸೇರಿದ ಗುಂಡು ಎಲ್ಲಿದೆ ಎಂದು ತಿಳಿಯದೆ ವೈದ್ಯರು ಒದ್ದಾಡುತ್ತಿದ್ದಾಗ ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಸುರುಳಿಗಳ ಒಂದು ಉಪಕರಣ ಮಾಡಿಕೊಂಡು ಬಂದರು. ಅದು ಕೆಲಸ ಮಾಡುತ್ತಿತ್ತು. ಆದರೆ ರೋಗಿಯ ಹಾಸಿಗೆಯಲ್ಲಿ ಉಕ್ಕಿನ ಸ್ಪ್ರಿಂಗುಗಳಿದ್ದವು, ಮತ್ತು ಮುಖ್ಯ ವೈದ್ಯರು ಗುಂಡು ಬಲಗಡೆಯೇ ಇದೆ ಎಂದು ಹಟ ಹಿಡಿದು ಅಲ್ಲಿ ಮಾತ್ರ ಹುಡುಕಲು ಬಿಟ್ಟರು. ಗುಂಡು ಎಡಗಡೆ ಇತ್ತು. ಸೆಪ್ಟೆಂಬರಿನಲ್ಲಿ ಅಧ್ಯಕ್ಷರು ತೀರಿಕೊಂಡರು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಸ್ಕಾಟ್ಲೆಂಡಿನಲ್ಲಿದ್ದ ಪೋಲೆಂಡಿನ ಸೇನಾಧಿಕಾರಿ ಯೋಜೆಫ್ ಕೊಸಾಟ್ಸ್ಕಿ ನೆಲಬಾಂಬು ಪತ್ತೆಹಚ್ಚಲು ಒಬ್ಬ ಸೈನಿಕ ಕೈಯಲ್ಲಿ ಹಿಡಿದು ನಡೆಯಬಹುದಾದ ಯಂತ್ರವನ್ನು ರೂಪಿಸಿದರು. 1942ರಲ್ಲಿ ಎಲ್ ಅಲಮೇನ್ ಮರಳುಗಾಡಿನಲ್ಲಿ ಅದು ಬಳಕೆಗೆ ಬಂತು. ಯುದ್ಧ ಮುಗಿದ ಮೇಲೆ ಅಂಥ ಯಂತ್ರಗಳು ಜನಸಾಮಾನ್ಯರ ಕೈಗೆ ಬಂದವು, ಬ್ರಿಟನ್ನಿನಲ್ಲಿ 1970ರ ದಶಕದ ಹೊತ್ತಿಗೆ ಒಂದು ಹವ್ಯಾಸವೇ ಆಯಿತು.

ಆ ಹವ್ಯಾಸಕ್ಕೆ ಚಳಿಗಾಲ ಯಾಕೆ ಬೇಕು ಎಂಬುದು ನನಗೂ ಒಗಟಾಗಿತ್ತು. ಕೆಲವು ವರ್ಷಗಳ ಹಿಂದೆ ಡಿಸೆಂಬರಿನಲ್ಲಿ ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದೆ. ಪಕ್ಕದ ಮನೆಯಲ್ಲಿ ಒಬ್ಬರು ನಿವೃತ್ತ ಅಂಚೆ ನೌಕರರು. ನಾನು ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಮಾಡಿದವನು ಎಂದು ತಿಳಿದು, ‘ಹಾಗಾದರೆ ಬನ್ನಿ, ನಿಮ್ಮ ಫ್ಯಾರಡೆಯನ್ನು ಕೆಸರಿನಲ್ಲಿ ತೋರಿಸುತ್ತೇನೆ’ ಎಂದರು. ನನ್ನ ಮಗಳು, ‘ಅಪ್ಪಾ, ಎರಡು ಜೊತೆ ಕಾಲುಚೀಲ ಹಾಕಿಕೊಳ್ಳಿ’ ಎಂದಳು. ನಾನು ಒಂದೇ ಜೊತೆ ಹಾಕಿಕೊಂಡೆ. ಹತ್ತು ಗಂಟೆಗೆ ಪಶ್ಚಾತ್ತಾಪವಾಯಿತು.

ಕಾರಣ ಸರಳ. ಅಲ್ಲಿ ಬೇಸಿಗೆಯ ಕೊನೆಗೆ ಕಟಾವು. ಆಮೇಲೆ ಕೂಳೆ ಉಳಿಯುತ್ತದೆ, ಉಳುಮೆಯಾಗುತ್ತದೆ. ಕೆಲವು ಹೊಲಗಳಿಗೆ ಆಗಲೇ ಚಳಿಗಾಲದ ಗೋಧಿ ಬಿತ್ತುತ್ತಾರೆ, ಆ ಎಳೆಯ ಪೈರಿನ ಮೇಲೆ ಕಾಲಿಡಲು ಯಾವ ರೈತನೂ ಬಿಡುವುದಿಲ್ಲ. ವಸಂತದಲ್ಲಿ ಬಿತ್ತುವ ಹೊಲಗಳು ಮಾತ್ರ ಅಷ್ಟು ತಿಂಗಳು ಬರಿದಾಗಿ ಬಿದ್ದಿರುತ್ತವೆ. ಹುಲ್ಲಿಲ್ಲ, ಪೈರಿಲ್ಲ, ಯಂತ್ರದ ಬಿಲ್ಲೆಯನ್ನು ನೆಲಕ್ಕೆ ತಾಗಿಯೂ ತಾಗದಂತೆ ಆಡಿಸಬಹುದು. ಪ್ರತಿ ಬೆರಳಿನ ಎತ್ತರವೂ ಆಳದಲ್ಲಿ ನಷ್ಟ. ಮಳೆ ಬಿದ್ದು ಮಣ್ಣು ಮೆತ್ತಗಿರುತ್ತದೆ. ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ನೀರು ಹೆಂಟೆಗಳನ್ನು ಒಡೆದು ಪುಡಿ ಮಾಡುತ್ತದೆ. ಒದ್ದೆ ನೆಲದಲ್ಲಿ ಸದ್ದು ಚೆನ್ನಾಗಿ ಬರುತ್ತದೆ ಎಂದೂ ಈ ಹವ್ಯಾಸಿಗಳು ನಂಬುತ್ತಾರೆ. ತುಕ್ಕು ಹರಡಿದ ಕಬ್ಬಿಣದ ಮಟ್ಟಿಗೆ ಅದರಲ್ಲಿ ಹುರುಳಿದೆ, ಉಳಿದದ್ದರ ಬಗ್ಗೆ ನನಗೆ ಸ್ವಲ್ಪ ಅನುಮಾನವೇ.

ಆದರೆ ಚಳಿ ಕೊಡುವುದಕ್ಕಿಂತ ಕಿತ್ತುಕೊಳ್ಳುವುದೂ ಕಡಿಮೆಯಿಲ್ಲ. ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ಶೀತದಲ್ಲಿ ನಿಧಾನವಾಗುತ್ತದೆ, ಅರ್ಧ ದಿನಕ್ಕೇ ಯಂತ್ರ ಮಂಕಾಗುತ್ತದೆ. ನಮ್ಮ ನೆರೆಯವರು ಬದಲಿ ಬ್ಯಾಟರಿಗಳನ್ನು ಅಂಗಿಯ ಒಳಜೇಬಿನಲ್ಲಿ, ಮೈಗೆ ಒತ್ತಿದಂತೆ ಇಟ್ಟುಕೊಂಡಿದ್ದರು. ಬೆಳಕು ಹರಿಯುವುದು ಎಂಟು ಗಂಟೆಗೆ, ಸಂಜೆ ನಾಲ್ಕಕ್ಕೆ ಕತ್ತಲು. ಮನೆಗೆ ಬಂದ ಕೂಡಲೇ ಯಂತ್ರವನ್ನು ಬೆಚ್ಚನೆಯ ಕೋಣೆಗೆ ಒಯ್ದರೆ ತಣ್ಣೀರಿನ ಲೋಟದ ಹೊರಮೈಯಂತೆ ಅದೂ ಬೆವರುತ್ತದೆ, ಆದ್ದರಿಂದ ಸ್ವಲ್ಪ ಹೊತ್ತು ಚೀಲದೊಳಗೇ ಬಿಡಬೇಕು. ಎಲ್ಲಕ್ಕಿಂತ ಕೆಟ್ಟದ್ದು, ಮೇಲಿನ ಮೂರು ನಾಲ್ಕು ಬೆರಳಿನಷ್ಟು ಮಣ್ಣು ಕಲ್ಲಿನಂತೆ ಗಟ್ಟಿಯಾಗಿರುವ ದಿನ. ಅಂಥ ದಿನ ಅಗೆಯಬಾರದು ಎನ್ನುತ್ತಾರೆ. ಯಾಕೆ ಎಂದು ನಾನೇ ಕಲಿತೆ.

ಅದು ಎರಡನೆಯ ದಿನ. ನೆರಳಿದ್ದ ಬೇಲಿಯ ಬದಿಯಲ್ಲಿ ನೆಲ ಇನ್ನೂ ಕರಗಿರಲಿಲ್ಲ. ಯಂತ್ರ ನನ್ನ ಕೈಯಲ್ಲಿತ್ತು. ಅಷ್ಟು ಹೊತ್ತು ಲಾಳದ ಚೂರು, ಮೊಳೆ, ಯಾವುದೋ ಡಬ್ಬಿಯ ಮುಚ್ಚಳ ಇವೇ ಸಿಕ್ಕಿದ್ದವು. ಇದ್ದಕ್ಕಿದ್ದಂತೆ ತೆಳ್ಳನೆಯ, ಸ್ವಚ್ಛವಾದ ದನಿ. ಬಿಲ್ಲೆಯನ್ನು ಅಡ್ಡ ಆಡಿಸಿದೆ, ಉದ್ದ ಆಡಿಸಿದೆ, ಅದೇ ದನಿ. ನೆರೆಯವರು ಹೊಲದ ಆ ತುದಿಯಲ್ಲಿದ್ದರು. ಅವರು ಬರುವವರೆಗೆ ಕಾಯಬೇಕಿತ್ತು. ಸದ್ದು ಬಂದ ಜಾಗದ ಸುತ್ತ, ಒಂದು ಗೇಣು ದೂರದಿಂದ ಮಣ್ಣನ್ನು ಗಡ್ಡೆಯಾಗಿ ಎಬ್ಬಿಸಬೇಕು ಎಂದು ಅವರು ಹಿಂದಿನ ದಿನ ನಾಲ್ಕು ಸಲ ಹೇಳಿದ್ದರು. ನನಗೆ ತಡೆಯಲಾಗಲಿಲ್ಲ. ಸಲಿಕೆ ನೆಲಕ್ಕೆ ಇಳಿಯದೆ ಹೋದಾಗ ಕಾಲಿನಿಂದ ಜೋರಾಗಿ ತುಳಿದೆ. ಹೆಪ್ಪುಗಟ್ಟಿದ ಪದರ ಒಮ್ಮೆಗೇ ಬಿರಿಯಿತು, ಸಲಿಕೆಯ ಬಾಯಿ ಜಾರಿ ಒಳಗೆ ನುಗ್ಗಿತು.

ಸಿಕ್ಕಿದ್ದು ಒಂದನೆಯ ಎಲಿಜಬೆತ್ ರಾಣಿಯ ಆರು ಪೆನ್ಸಿನ ಬೆಳ್ಳಿ ನಾಣ್ಯ. ಅದರ ಮೇಲೆ ಇಸವಿ ಇರುತ್ತದೆ. 1567. ನಮ್ಮಲ್ಲಿ ರಕ್ಕಸತಂಗಡಿಯ ಯುದ್ಧ ಮುಗಿದು ಎರಡು ವರ್ಷ. ಅಷ್ಟು ಕಾಲ ನೇಗಿಲಿಗೂ ಟ್ರ್ಯಾಕ್ಟರಿಗೂ ಸಿಗದೆ ಉಳಿದ ರಾಣಿಯ ಮುಖದ ಮೇಲೆ, ಕೆನ್ನೆಯಿಂದ ಕುತ್ತಿಗೆಯವರೆಗೆ, ಹೊಳೆಯುವ ಹೊಸ ಗೀರು. ನೆರೆಯವರು ಬಂದು ನೋಡಿದರು. ಬೈಯಲಿಲ್ಲ. ಜೇಬಿನಿಂದ ಪುಸ್ತಕ ತೆಗೆದು ದಿನಾಂಕ, ಹೊಲದ ಹೆಸರು, ಉಪಗ್ರಹದ ಸಹಾಯದಿಂದ ತಿಳಿದ ಸ್ಥಳದ ಅಂಕಿ, ಆಳ ಎಲ್ಲ ಬರೆದುಕೊಂಡರು. ಕೊನೆಗೆ ‘ಗೀರು: ಸಲಿಕೆಯದು, ಇಂದಿನದು’ ಎಂದು ಸೇರಿಸಿದರು. ನನಗೆ ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು. ನಾಣ್ಯದ ಮಣ್ಣನ್ನು ಕರವಸ್ತ್ರದಿಂದ ಒರೆಸಲು ಹೋದಾಗ ಮಾತ್ರ ಕೈ ಹಿಡಿದರು. ಮಣ್ಣಿನಲ್ಲಿರುವ ಮರಳಿನ ಕಣ ಬೆಳ್ಳಿಯನ್ನು ಉಜ್ಜಿ ಸವೆಸುತ್ತದೆ, ಹಾಗೆಯೇ ಪೊಟ್ಟಣಕ್ಕೆ ಹಾಕಬೇಕು.

ಆ ನಾಣ್ಯ ಒಂದು ಸರಕಾರಿ ದಾಖಲೆಗೆ ಹೋಯಿತು. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 1997ರಿಂದ ಒಂದು ವ್ಯವಸ್ಥೆಯಿದೆ. ಜನರಿಗೆ ಸಿಕ್ಕಿದ ಹಳೆಯ ವಸ್ತುಗಳನ್ನು ನೋಡಿ, ಅಳೆದು, ಚಿತ್ರ ತೆಗೆದು, ಸಿಕ್ಕ ಜಾಗದ ಸಮೇತ ದಾಖಲಿಸುವ ಅಧಿಕಾರಿಗಳು ಜಿಲ್ಲೆಗಳಲ್ಲಿದ್ದಾರೆ. ಇಂಥ ಬಿಡಿ ನಾಣ್ಯವನ್ನು ತೋರಿಸುವುದು ಕಡ್ಡಾಯವಲ್ಲ, ಆದರೂ ಜನ ತೋರಿಸುತ್ತಾರೆ. ಇದುವರೆಗೆ ಹದಿನೈದು ಲಕ್ಷಕ್ಕೂ ಹೆಚ್ಚು ವಸ್ತುಗಳು ಹೀಗೆ ದಾಖಲಾಗಿವೆ. ಅವುಗಳಲ್ಲಿ ಹೆಚ್ಚಿನವು ತಂದವರಿಗೇ ಮರಳುತ್ತವೆ. ‘ನಿಧಿ’ ಎನ್ನಿಸಿಕೊಳ್ಳುವ ವಸ್ತುಗಳಿಗೆ ಮಾತ್ರ ಬೇರೆ ಕಾನೂನು. ಮುನ್ನೂರು ವರ್ಷಕ್ಕಿಂತ ಹಳೆಯ ಚಿನ್ನ ಬೆಳ್ಳಿಯ ಸಾಮಾನು, ಅಂಥ ನಾಣ್ಯಗಳ ಗುಂಪು ಮೊದಲಾದವು ಸಿಕ್ಕರೆ ಹದಿನಾಲ್ಕು ದಿನಗಳೊಳಗೆ ಅಧಿಕಾರಿಗೆ ತಿಳಿಸಬೇಕು. ವಸ್ತುಸಂಗ್ರಹಾಲಯ ಅದನ್ನು ಬಯಸಿದರೆ ಮಾರುಕಟ್ಟೆಯ ಬೆಲೆ ಕಟ್ಟಿ ಕೊಡುತ್ತದೆ, ಸಾಮಾನ್ಯವಾಗಿ ಹುಡುಕಿದವನಿಗೂ ಜಮೀನಿನವನಿಗೂ ಪಾಲು. 2023ರಲ್ಲಿ ಈ ಕಾನೂನಿನ ವ್ಯಾಪ್ತಿಯನ್ನು ಇನ್ನಷ್ಟು ಹಿಗ್ಗಿಸಿದರು.

ಈ ಕಾನೂನು ಸುಮ್ಮನೆ ಹುಟ್ಟಲಿಲ್ಲ. 1980ರ ದಶಕದ ನಡುವೆ ಸರ್ರೆ ಜಿಲ್ಲೆಯ ವಾನ್‌ಬರೋ ಎಂಬಲ್ಲಿ ಪ್ರಾಚೀನ ನಾಣ್ಯಗಳು ಸಿಕ್ಕಿದ ಸುದ್ದಿ ಹೊರಬಿತ್ತು. ರಾತ್ರಿಯಾದರೆ ಸಾಕು, ಯಂತ್ರ ಹಿಡಿದ ಜನ ಹೊಲಕ್ಕೆ ನುಗ್ಗಿದರು. ಸಾವಿರಾರು ನಾಣ್ಯಗಳು ಮಾಯವಾದವು. ಹೊಲದ ತುಂಬ ಗುಂಡಿಗಳು ಉಳಿದವು. ಕೊನೆಗೆ ಪುರಾತತ್ವಜ್ಞರು ಅಗೆದಾಗ ಅಲ್ಲೊಂದು ರೋಮನ್ ಕಾಲದ ದೇವಾಲಯವಿತ್ತು ಎಂದು ತಿಳಿಯಿತು. ದೇವರ ಮುಂದೆ ಜನ ಏನನ್ನು, ಎಲ್ಲಿ, ಯಾವ ಕ್ರಮದಲ್ಲಿ ಇಟ್ಟಿದ್ದರು? ಅದನ್ನು ಹೇಳಬೇಕಿದ್ದ ನಾಣ್ಯಗಳು ಯಾರದೋ ಅಂಗಡಿಯ ಪೆಟ್ಟಿಗೆ ಸೇರಿದ್ದವು. ಹಿಡಿದವರನ್ನು ಶಿಕ್ಷಿಸಲು ಆಗಿನ ಹಳೆಯ ಕಾನೂನು ಸಾಲಲಿಲ್ಲ. ಆ ಕೋಪದಿಂದಲೇ 1996ರ ನಿಧಿ ಕಾಯ್ದೆ ರೂಪುಗೊಂಡಿತು.

ಹಾಗೆಂದು ಕಾನೂನು ಬಂದ ಮೇಲೆ ಎಲ್ಲ ಸರಿಹೋಯಿತು ಎನ್ನಲಾಗದು. 2015ರಲ್ಲಿ ಎರಡು ಶೋಧಗಳು ನಡೆದವು. ಜೂನ್ ತಿಂಗಳಲ್ಲಿ ಹೆರ್ಫರ್ಡ್‌ಷೈರಿನ ಲೆಮ್‌ಸ್ಟರ್ ಬಳಿ ಇಬ್ಬರಿಗೆ ವೈಕಿಂಗ್ ಕಾಲದ ಆಭರಣ ಮತ್ತು ಸುಮಾರು ಮುನ್ನೂರು ನಾಣ್ಯಗಳು ಸಿಕ್ಕಿದವು. ಅವರು ಮುಚ್ಚಿಟ್ಟು ಮಾರಲು ಹೊರಟರು. 2019ರಲ್ಲಿ ದೀರ್ಘಕಾಲದ ಸೆರೆವಾಸವಾಯಿತು, ಆದರೆ ಕೈಗೆ ಬಂದ ನಾಣ್ಯಗಳು ಮೂವತ್ತರ ಆಸುಪಾಸು ಮಾತ್ರ. ಅದೇ ವರ್ಷ ಅಕ್ಟೋಬರಿನಲ್ಲಿ ಆಕ್ಸ್‌ಫರ್ಡ್‌ಷೈರಿನ ವಾಟ್ಲಿಂಗ್ಟನ್ ಬಳಿ ಇನ್ನೊಬ್ಬರಿಗೆ ಅದೇ ಕಾಲದ ನಾಣ್ಯರಾಶಿ ಸಿಕ್ಕಿತು. ಅವರು ಕೈ ತಡೆದು ಅಧಿಕಾರಿಯನ್ನು ಕರೆದರು. ಮಣ್ಣಿನ ಗಡ್ಡೆಯನ್ನೇ ಎತ್ತಿ ಪ್ರಯೋಗಾಲಯಕ್ಕೆ ಒಯ್ದರು.

ಎರಡೂ ರಾಶಿಗಳಲ್ಲಿ ಒಂದೇ ಬಗೆಯ ಅಪರೂಪದ ನಾಣ್ಯಗಳಿದ್ದವು. ಇಬ್ಬರು ದೊರೆಗಳು ಪಕ್ಕಪಕ್ಕದಲ್ಲಿ ಕುಳಿತಿರುವ ಚಿತ್ರದ ನಾಣ್ಯ. ಒಂದೆಡೆ ಇದನ್ನು ವೆಸೆಕ್ಸಿನ ಆಲ್ಫ್ರೆಡ್ ಹೆಸರಿನಲ್ಲಿ, ಇನ್ನೊಂದೆಡೆ ಮರ್ಸಿಯಾದ ಎರಡನೆಯ ಕೆಯೊಲ್‌ವುಲ್ಫ್ ಹೆಸರಿನಲ್ಲಿ ಹೊಡೆದಿದ್ದಾರೆ. ಆಲ್ಫ್ರೆಡನ ಕಡೆಯವರು ಬರೆಸಿದ ವೃತ್ತಾಂತ ಈ ಕೆಯೊಲ್‌ವುಲ್ಫನನ್ನು ಮೂರ್ಖ, ವೈಕಿಂಗರ ಕೈಗೊಂಬೆ ಎಂಬಂತೆ ಚಿತ್ರಿಸಿತ್ತು. ಸಾವಿರ ವರ್ಷ ಜನ ಅದನ್ನೇ ಓದಿದರು. ನಾಣ್ಯಗಳು ಬೇರೆ ಕಥೆ ಹೇಳುತ್ತವೆ. ಇಬ್ಬರೂ ಒಂದು ಕಾಲಕ್ಕೆ ಸಮಾನ ಮಿತ್ರರಾಗಿದ್ದರು, ಗೆದ್ದವನು ಆಮೇಲೆ ಗೆಳೆಯನನ್ನು ಪುಸ್ತಕದಿಂದ ಒರೆಸಿದ. ಲೆಮ್‌ಸ್ಟರಿನಲ್ಲಿ ಮಾಯವಾದ ಇನ್ನೂರೈವತ್ತಕ್ಕೂ ಹೆಚ್ಚು ನಾಣ್ಯಗಳ ಮೇಲೆ ಇನ್ನೇನು ಇತ್ತೋ!

ಒಳ್ಳೆಯ ಮನಸ್ಸಿದ್ದರೂ ಚಳಿಗಾಲ ಅವಸರ ಮಾಡಿಸುತ್ತದೆ. 2014ರ ಡಿಸೆಂಬರ್ 21, ವರ್ಷದ ಅತಿ ಚಿಕ್ಕ ಹಗಲು. ಬಕಿಂಗ್‌ಹ್ಯಾಂಷೈರಿನ ಲೆನ್‌ಬರೋದಲ್ಲಿ ಹವ್ಯಾಸಿಗಳ ಕೂಟವೊಂದು ಹೊಲದಲ್ಲಿ ಸೇರಿದ್ದಾಗ, ಸೀಸದ ಹೊದಿಕೆಯೊಳಗೆ ಐದು ಸಾವಿರಕ್ಕೂ ಹೆಚ್ಚು ಬೆಳ್ಳಿ ನಾಣ್ಯಗಳು ಸಿಕ್ಕಿದವು. ಎಥೆಲ್ರೆಡ್ ಮತ್ತು ಕ್ನೂಟ್ ದೊರೆಗಳ ಕಾಲದವು. ಅಧಿಕಾರಿ ಅಲ್ಲಿಯೇ ಇದ್ದರು, ಮುಚ್ಚುಮರೆ ಏನೂ ಇರಲಿಲ್ಲ. ಆದರೂ ಅಷ್ಟನ್ನೂ ಅದೇ ದಿನ ಗುಂಡಿಯಿಂದ ಎತ್ತಿ ಚೀಲಕ್ಕೆ ತುಂಬಿದರೆಂದು ಪುರಾತತ್ವಜ್ಞರು ಟೀಕಿಸಿದರು. ರಾತ್ರಿಯೆಲ್ಲ ಕಾವಲು ಕಾಯುವವರು ಯಾರು ಎಂಬುದು ಅಲ್ಲಿದ್ದವರ ವಾದ. ಡಿಸೆಂಬರಿನ ಆ ಹೊಲದಲ್ಲಿ ನಿಂತು ಬಂದ ಮೇಲೆ, ಎರಡೂ ಕಡೆಯವರ ಮಾತು ನನಗೆ ಅರ್ಥವಾಗುತ್ತದೆ. ಆದರೆ ಹಾಕ್ಸನ್ನಿನಲ್ಲೂ ಹಗಲು ಚಿಕ್ಕದೇ ಇತ್ತು.

ಈ ಯಂತ್ರವನ್ನು ಶತ್ರು ಎಂದು ನೋಡುತ್ತಿದ್ದ ವಿದ್ವಾಂಸರೇ ಅದನ್ನು ಕೈಗೆತ್ತಿಕೊಂಡದ್ದೂ ಉಂಟು. 1485ರಲ್ಲಿ ಮೂರನೆಯ ರಿಚರ್ಡ್ ದೊರೆ ಬಾಸ್ವರ್ತ್ ಕದನದಲ್ಲಿ ಸತ್ತ. ಆ ಕದನ ನಡೆದದ್ದು ಒಂದು ಗುಡ್ಡದ ಮೇಲೆ ಎಂದು ನಂಬಿ ಅಲ್ಲಿ ಸ್ಮಾರಕ ಕೇಂದ್ರವನ್ನೂ ಕಟ್ಟಿದ್ದರು. 2005ರಿಂದ ಕೆಲವು ವರ್ಷ, ಹವ್ಯಾಸಿಗಳನ್ನು ಸಾಲಾಗಿ ನಡೆಸಿ, ಸಿಕ್ಕಿದ ಪ್ರತಿ ಚೂರನ್ನೂ ನಕ್ಷೆಯಲ್ಲಿ ಗುರುತು ಹಾಕಿದರು. ಮೂವತ್ತಕ್ಕೂ ಹೆಚ್ಚು ಸೀಸದ ಗುಂಡುಗಳು ಸಿಕ್ಕಿದವು. ಅವು ಬಿದ್ದಿದ್ದು ಗುಡ್ಡದ ಮೇಲಲ್ಲ, ಸುಮಾರು ಮೂರು ಕಿಲೋಮೀಟರ್ ಆಚೆಯ ತಗ್ಗಿನಲ್ಲಿ. ಅಲ್ಲೇ ಒಂದು ಜೌಗಿನ ಅಂಚಿನಲ್ಲಿ, ಬೆಳ್ಳಿಗೆ ಚಿನ್ನ ಲೇಪಿಸಿದ ಪುಟ್ಟ ಕಾಡುಹಂದಿಯ ಬಿಲ್ಲೆ ಸಿಕ್ಕಿತು. ಕಾಡುಹಂದಿ ರಿಚರ್ಡನ ಲಾಂಛನ. ಆ ಬಿಲ್ಲೆಯನ್ನು ಯಾರಾದರೂ ಜೇಬಿಗೆ ಹಾಕಿಕೊಂಡು ಹೋಗಿದ್ದರೆ ಒಂದು ಅಂದದ ಆಭರಣವಾಗಿ ಉಳಿಯುತ್ತಿತ್ತು, ಅಷ್ಟೆ.

ಇನ್ನು ನಮ್ಮ ಕಡೆ. ನಮ್ಮಲ್ಲಿ ಇದು ಹವ್ಯಾಸವಾಗಿ ಬೆಳೆದಿಲ್ಲ, ಬೆಳೆಯಲು ಕಾನೂನಿನ ಎಡೆಯೂ ಇಲ್ಲ. ಸಂರಕ್ಷಿತ ಸ್ಥಳದಲ್ಲಿ ಅನುಮತಿಯಿಲ್ಲದೆ ಅಗೆಯುವುದು ಅಪರಾಧ. ಹೊಲದಲ್ಲೋ ಮನೆಯ ತಳಪಾಯದಲ್ಲೋ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಬ್ರಿಟಿಷರ ಕಾಲದ 1878ರ ಕಾಯ್ದೆಯಿಂದಲೂ ಇದೇ ಮೂಲ ನಿಯಮ. ನಮ್ಮಲ್ಲಿ ಇರುವುದು ನಿಧಿಗಳ್ಳರ ಕಾಟ. ಊರಾಚೆಯ ಪಾಳು ಗುಡಿಗಳಲ್ಲಿ ಬುಡಮೇಲಾದ ನಂದಿ, ಕಿತ್ತುಹಾಕಿದ ಪಾಣಿಪೀಠ, ಎರಡು ತುಂಡಾದ ವೀರಗಲ್ಲು ಇವನ್ನು ನಿಮ್ಮಲ್ಲಿ ಹಲವರು ನೋಡಿಯೇ ಇರುತ್ತೀರಿ. ದೇವರ ಕೆಳಗೆ ಕೊಪ್ಪರಿಗೆ ಇದೆ ಎಂಬ ಮಾತು ಹರಡಿದರೆ ಸಾಕು, ಅಮಾವಾಸ್ಯೆಗೆ ಗುಂಡಿ ಬೀಳುತ್ತದೆ. ಬಹುಮಟ್ಟಿಗೆ ಏನೂ ಸಿಗುವುದಿಲ್ಲ. ಆದರೆ ಒಡೆದ ಶಾಸನ ಕೂಡುವುದಿಲ್ಲ.

ಕಳ್ಳರನ್ನು ಬೈಯುವುದು ಸುಲಭ. ನಮ್ಮ ಮನೆಯದೇ ಒಂದು ಸಂಗತಿ ಹೇಳಬೇಕು. ನನ್ನ ತಾತನವರು ದನದ ಕೊಟ್ಟಿಗೆ ಕಟ್ಟಿಸಲು ಪಾಯ ತೆಗೆಸುವಾಗ ಅಂಗೈಯಗಲದ ಒಂದು ಕುಡಿಕೆ ಸಿಕ್ಕಿತಂತೆ. ಒಳಗೆ ಹುರುಳಿಕಾಳಿಗಿಂತ ಸ್ವಲ್ಪ ದೊಡ್ಡದಾದ ಚಿನ್ನದ ನಾಣ್ಯಗಳು. ಎಷ್ಟಿದ್ದವು ಎಂಬುದಕ್ಕೆ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳುತ್ತಾರೆ. ಸರಕಾರಕ್ಕೆ ತಿಳಿದರೆ ತೊಂದರೆ, ಊರಿಗೆ ತಿಳಿದರೆ ಇನ್ನೂ ತೊಂದರೆ ಎಂದು ತಾತ ರಾತ್ರೋರಾತ್ರಿ ಅಕ್ಕಸಾಲಿಗನನ್ನು ಕರೆಸಿದರು. ತಾತ ಕೆಟ್ಟವರಲ್ಲ. ಮಗಳ ಮದುವೆ ಹತ್ತಿರ ಬಂದಿತ್ತು, ಎರಡು ವರ್ಷ ಮಳೆ ಹೋಗಿತ್ತು. ಮೂಸೆಯಲ್ಲಿ ಎಲ್ಲ ಕರಗಿ ನಮ್ಮ ಅತ್ತೆಯ ಒಂದು ಜೊತೆ ಓಲೆಯಾಯಿತು. ಕುಡಿಕೆಯನ್ನು ಒಡೆದು ಕೊಟ್ಟಿಗೆಯ ಪಾಯಕ್ಕೇ ಹಾಕಿದರು.

ನಾನು ಕಾಲೇಜು ಸೇರಿದ ಮೇಲೆ ಒಮ್ಮೆ ಅಜ್ಜಿಯನ್ನು ಕೇಳಿದೆ. ‘ಅಜ್ಜೀ, ಆ ನಾಣ್ಯದ ಮೇಲೆ ಏನಿತ್ತು?’ ಅಜ್ಜಿ ಬಹಳ ಹೊತ್ತು ಯೋಚಿಸಿ, ‘ಒಂದರ ಮೇಲೆ ಆನೆ ಇತ್ತು ಕಣಪ್ಪ. ಇನ್ನೊಂದರ ಮೇಲೆ ಏನೋ ಅಕ್ಷರ ಇತ್ತು, ನಂಗೆ ಓದಕ್ಕೆ ಬರ್ತಿರಲಿಲ್ವಲ್ಲ’ ಎಂದರು. ಆನೆಯ ನಾಣ್ಯಗಳನ್ನು ಗಂಗರದ್ದೆಂದು ಹೇಳುವವರುಂಟು. ಅಕ್ಷರವಿದ್ದ ನಾಣ್ಯ ಯಾರದ್ದೋ, ಎರಡೂ ಒಂದೇ ಕುಡಿಕೆಗೆ ಹೇಗೆ ಬಂದವೋ, ನಮ್ಮ ಸಣ್ಣ ಹಳ್ಳಿಯಲ್ಲಿ ಅದನ್ನು ಹೂತಿಟ್ಟವರು ಯಾರೋ. ಅತ್ತೆ ತೀರಿಕೊಂಡ ಮೇಲೆ ಓಲೆಗಳು ಅವರ ಸೊಸೆಗೆ ಬಂದವು. ಮದುವೆ ಮುಂಜಿಗಳಲ್ಲಿ ಆಕೆ ಹಾಕಿಕೊಂಡು ಬಂದಾಗ ನನ್ನ ಕಣ್ಣು ಅಲ್ಲಿಗೇ ಹೋಗುತ್ತದೆ. ಚೆನ್ನಾಗಿ ಹೊಳೆಯುತ್ತವೆ.

ಹೇಳಲು ಮರೆತೆ. ಹಾಕ್ಸನ್ನಿನ ಆ ಸುತ್ತಿಗೆಯೂ ಆಮೇಲೆ ಸಿಕ್ಕಿತು. ಈಗ ಅದೂ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ.